ಸಹಚರರ ಭಾರವನ್ನು ಹೊತ್ತ ಶ್ಯಾಕಲ್ಟನ್

ಹತ್ತು ಜನರು ಕೂಡಿ ಮಾಡುವ ಕಾರ್ಯದಲ್ಲಿ ಹಿರಿಯನಾದವನ ಯೋಗ್ಯತೆಯು ಅನುಕೂಲ ಕಾಲದಲ್ಲಿ ಗೋಚರವಾಗುವುದಿಲ್ಲ. ಕೈಗೊಂಡ ಕಾರ್ಯವು ಕೆಟ್ಟು, ಎಲ್ಲರ ಮನಸ್ಸೂ ಕುಗ್ಗಿದಾಗ ಅವರನ್ನು ಒಡೆದುಹೋಗದಂತೆ ಕೂಡಿಸಿ ನಿಲ್ಲಿಸುವವನೇ ನಿಜವಾದ ನಾಯಕನು. ದಕ್ಷಿಣ ಧ್ರುವದ ಹಿಮಸಾಗರದಲ್ಲಿ ಹಡಗನ್ನು ಕಳೆದುಕೊಂಡರೂ ಅದರಲ್ಲಿದ್ದ 27 ಮಂದಿ ಸಹಚರರಲ್ಲಿ ಒಬ್ಬನನ್ನೂ ಕಳೆದುಕೊಳ್ಳದ ಅರ್ನೆಸ್ಟ್ ಶ್ಯಾಕಲ್ಟನ್ನನ ಚರಿತ್ರೆಯು ಇದಕ್ಕೆ ಉಜ್ಜ್ವಲವಾದ ನಿದರ್ಶನವಾಗಿದೆ.

ಶ್ಯಾಕಲ್ಟನ್ನನು 1874ರಲ್ಲಿ ಐರ್ಲೆಂಡ್ ದೇಶದಲ್ಲಿ ಜನಿಸಿದನು. ಹದಿನಾರನೆಯ ವಯಸ್ಸಿನಲ್ಲಿಯೇ ಹಡಗಿನ ಕೆಲಸಕ್ಕೆ ಸೇರಿ ಕಡಲಿನ ಕಷ್ಟಗಳನ್ನೆಲ್ಲ ಕೆಳಗಿನ ಮೆಟ್ಟಿಲಿನಿಂದ ಕಲಿತನು. 1909ರ ಜನವರಿಯಲ್ಲಿ ಮೂವರು ಸಂಗಡಿಗರೊಡನೆ ದಕ್ಷಿಣ ಧ್ರುವಕ್ಕೆ ಸುಮಾರು 180 ಕಿಲೋಮೀಟರುಗಳಷ್ಟು ಸಮೀಪಕ್ಕೆ ಬಂದನು. ಅಲ್ಲಿಯವರೆಗೆ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಮುಂದುವರಿದರೆ ಕೀರ್ತಿಯು ದೊರೆಯುತ್ತಿತ್ತು. ಆದರೆ ಹಿಂದಿರುಗುವಷ್ಟು ಆಹಾರವಿರಲಿಲ್ಲ. ಕೀರ್ತಿಗಿಂತ ಸಂಗಡಿಗರ ಪ್ರಾಣವು ದೊಡ್ಡದೆಂದು ತಿಳಿದು ಆತನು ಹಿಂದಿರುಗಿದನು. ಆ ಹಾದಿಯಲ್ಲಿ ಅಸ್ವಸ್ಥನಾಗಿದ್ದ ಫ್ರ್ಯಾಂಕ್ ವೈಲ್ಡ್ ಎಂಬವನಿಗೆ ತನ್ನ ಪಾಲಿನ ಬಿಸ್ಕತ್ತನ್ನು ಬಲವಂತವಾಗಿ ತಿನ್ನಿಸಿದನು. ವೈಲ್ಡನು ಅದನ್ನು ಕೊನೆಯವರೆಗೂ ಮರೆಯಲಿಲ್ಲ.

1911ರಲ್ಲಿ ಅಮಂಡ್‌ಸೆನ್ನನು ಧ್ರುವವನ್ನು ಮುಟ್ಟಿದ ಬಳಿಕ, ಆ ಖಂಡವನ್ನೇ ಅಡ್ಡಹಾಯಬೇಕೆಂದು ಶ್ಯಾಕಲ್ಟನ್ನನು ಸಂಕಲ್ಪಿಸಿದನು. ಜನರನ್ನು ಆರಿಸುವಾಗ ಆತನು ವಿದ್ಯೆಯೊಡನೆ ಸ್ವಭಾವವನ್ನೂ ಪರೀಕ್ಷಿಸುತ್ತಿದ್ದನು. ಭೌತಶಾಸ್ತ್ರಜ್ಞನಾದ ಜೇಮ್ಸ್‌ ಎಂಬವನನ್ನು ಹಾಡಲು ಬರುತ್ತದೆಯೇ ಎಂದು ಕೇಳಿದನಂತೆ. ನಾಲ್ವರೊಡನೆ ನಗುತ್ತ ಬಾಳಬಲ್ಲವನೇ ಎಂಬುದು ಆ ಪ್ರಶ್ನೆಯ ತಾತ್ಪರ್ಯವಾಗಿತ್ತು. ಹಡಗನ್ನೇರಿದ ಮೇಲೆ ಪಂಡಿತರೂ ನಾವಿಕರೊಡನೆ ನೆಲವನ್ನು ಉಜ್ಜಬೇಕಾಗಿತ್ತು. ಯಾವ ಕೆಲಸವೂ ಕೀಳಲ್ಲವೆಂಬ ಭಾವವು ಹೀಗೆ ಮೊದಲೇ ನೆಲೆಗೊಂಡಿತು.

1915ರ ಜನವರಿಯಲ್ಲಿ ‘ಎಂಡ್ಯೂರೆನ್ಸ್’ ಎಂಬ ಆ ಹಡಗು ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದಿತು. ಅಕ್ಟೋಬರ್ 27ರಂದು ಅದನ್ನು ತೊರೆಯಬೇಕಾಯಿತು. ನವೆಂಬರ್ 21ರಂದು ಅದು ಮುಳುಗಿತು. ಸಂಕಲ್ಪವು ಮಣ್ಣುಪಾಲಾದ ಆ ಹೊತ್ತಿನಲ್ಲಿ ಆತನು ಅದಕ್ಕಾಗಿ ದುಃಖಿಸುತ್ತ ಕೂಡದೆ, ಎಲ್ಲರನ್ನೂ ಜೀವಸಹಿತ ಮನೆಗೆ ಮುಟ್ಟಿಸುವುದೇ ಇನ್ನು ಮುಂದಿನ ಕಾರ್ಯವೆಂದು ನಿಶ್ಚಯಿಸಿದನು. ಹೊರೆಯನ್ನು ಕಡಿಮೆ ಮಾಡಲು ಚಿನ್ನದ ನಾಣ್ಯಗಳನ್ನು ಹಿಮದಲ್ಲಿ ಎಸೆದನು. ಆದರೆ ಹಸ್ಸಿಯೆಂಬವನ ತಂತಿವಾದ್ಯವನ್ನು ಮಾತ್ರ ಉಳಿಸಿಕೊಳ್ಳಲು ಹೇಳಿದನು. ಮನಸ್ಸಿಗೂ ಆಹಾರವು ಬೇಕಲ್ಲವೇ? ಬೆಚ್ಚನೆಯ ತೊಗಲಿನ ಮಲಗುವ ಚೀಲಗಳು ಸಾಮಾನ್ಯ ನಾವಿಕರಿಗೆ ಸಂದವು. ನಾಯಕನೂ ಅಧಿಕಾರಿಗಳೂ ಉಣ್ಣೆಯ ಚೀಲಗಳಲ್ಲಿ ಮಲಗಿದರು. ಬೇಸರಗೊಳ್ಳುವವರನ್ನೂ ತಕರಾರು ಮಾಡುವವರನ್ನೂ ಆತನು ದೂರ ತಳ್ಳದೆ ತನ್ನ ಗುಡಾರದಲ್ಲಿಯೇ ಇರಿಸಿಕೊಂಡನು. ಒಬ್ಬನ ಅಸಮಾಧಾನವು ಹತ್ತು ಜನರಿಗೆ ಹರಡುವುದೆಂಬುದನ್ನು ಆತನು ಬಲ್ಲವನಾಗಿದ್ದನು.

1916ರ ಏಪ್ರಿಲ್‌ನಲ್ಲಿ ಮೂರು ದೋಣಿಗಳಲ್ಲಿ ಅವರು ನಿರ್ಜನವಾದ ಎಲಿಫೆಂಟ್ ದ್ವೀಪವನ್ನು ಸೇರಿದರು. ಅಲ್ಲಿಂದ ಸಹಾಯವನ್ನು ತರಲು ಆತನು ಐವರೊಡನೆ ಏಳು ಮೀಟರಿಗೂ ಚಿಕ್ಕದಾದ ದೋಣಿಯಲ್ಲಿ ಸುಮಾರು 1,500 ಕಿಲೋಮೀಟರ್ ದೂರದ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ಹೊರಟನು. ಹಿಂದೆ ಆಜ್ಞೆಯನ್ನು ಧಿಕ್ಕರಿಸಿದ್ದ ಬಡಗಿ ಮೆಕ್ನಿಷ್‌ನನ್ನು ಸಂಗಡವೇ ಕರೆದೊಯ್ದನು. ದಾರಿಯಲ್ಲಿ ಯಾರಾದರೂ ಚಳಿಗೆ ಸೋತುದನ್ನು ಕಂಡರೆ, ಆತನ ಹೆಸರನ್ನು ಹೇಳದೆ ಎಲ್ಲರಿಗೂ ಬಿಸಿ ಹಾಲನ್ನು ಕೊಡಿಸುತ್ತಿದ್ದನು. ಹೀಗೆ ದುರ್ಬಲನ ಮಾನವೂ ಉಳಿಯುತ್ತಿತ್ತು. ಹದಿನಾರು ದಿನಗಳ ಬಳಿಕ ದಡವನ್ನು ಮುಟ್ಟಿ, ವರ್ಸ್ಲಿ ಮತ್ತು ಕ್ರೀನ್ ಎಂಬವರೊಡನೆ ಹಿಮಪರ್ವತಗಳನ್ನು 36 ಗಂಟೆಗಳಲ್ಲಿ ದಾಟಿ ತಿಮಿಂಗಿಲ ಬೇಟೆಗಾರರ ನೆಲೆಯನ್ನು ಸೇರಿದನು. ನಡುವೆ ಅವರಿಬ್ಬರೂ ನಿದ್ರೆಹೋದಾಗ, ಆ ಚಳಿಯಲ್ಲಿ ನಿದ್ರೆಯೇ ಮರಣವೆಂದರಿತು ಐದೇ ನಿಮಿಷಗಳಲ್ಲಿ ಎಬ್ಬಿಸಿ, ಅರ್ಧ ಗಂಟೆ ಮಲಗಿದ್ದಿರೆಂದು ಧೈರ್ಯ ತುಂಬಿದನು.

ಇತ್ತ ದ್ವೀಪದಲ್ಲುಳಿದ 22 ಮಂದಿಯ ಹೊಣೆಯು ಆ ವೈಲ್ಡನ ಮೇಲೆ ಬಿದ್ದಿತ್ತು. ನಾಯಕನು ಇಂದೇ ಬರಬಹುದೆಂದು ಹೇಳಿ, ಆತನು ಎಲ್ಲರಿಂದ ದಿನವೂ ಹಾಸಿಗೆಗಳನ್ನು ಸುತ್ತಿಡಿಸುತ್ತಿದ್ದನು. ಮೂರು ಸಲ ವಿಫಲನಾಗಿ, ನಾಲ್ಕನೆಯ ಸಲ ಚಿಲಿ ದೇಶದ ‘ಯೆಲ್ಚೊ’ ಹಡಗಿನಲ್ಲಿ 1916ರ ಆಗಸ್ಟ್ 30ರಂದು ಶ್ಯಾಕಲ್ಟನ್ನನು ಬಂದೇ ಬಂದನು. ಎಲ್ಲರೂ ಬದುಕಿದ್ದರು.

ಆತನಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಖಂಡದ ಮತ್ತೊಂದು ದಡಕ್ಕೆ ಆತನು ಕಳುಹಿಸಿದ್ದ ತಂಡದಲ್ಲಿ ಮೂವರು ಮಡಿದರು. ಆ ಚಿಕ್ಕ ದೋಣಿಯನ್ನು ತನ್ನ ಕೈಚಳಕದಿಂದ ಕಡಲಿಗೆ ಯೋಗ್ಯವಾಗಿಸಿದ ಮೆಕ್ನಿಷ್‌ನ ಹೆಸರನ್ನು ಪದಕಕ್ಕೆ ಸೂಚಿಸಲಿಲ್ಲ. ಆತನ ಧಿಕ್ಕಾರವನ್ನು ನೆನೆದು ಉಪಕಾರವನ್ನು ಮರೆತುದು ನಾಯಕನಿಗೆ ಶೋಭೆಯಲ್ಲ.

ಆದರೂ 1921ರಲ್ಲಿ ಆತನು ಮತ್ತೆ ಯಾತ್ರೆಗೆ ಹೊರಟಾಗ ಹಳೆಯ ಸಂಗಡಿಗರಲ್ಲಿ ಹಲವರು ಬಂದು ಸೇರಿದರು. 1922ರ ಜನವರಿ 5ರಂದು ದಕ್ಷಿಣ ಜಾರ್ಜಿಯಾದಲ್ಲಿಯೇ ಆತನು ತೀರಿಕೊಂಡನು. ಸಮಾಧಿಯೂ ಅಲ್ಲಿಯೇ ಇದೆ. ಮುಳುಗಿದ ಹಡಗು 2022ರಲ್ಲಿ 3,008 ಮೀಟರ್ ಆಳದಲ್ಲಿ ಪತ್ತೆಯಾಯಿತು.

ಮನೆಯ ಯಜಮಾನನಾಗಲಿ, ಅಂಗಡಿಯ ಒಡೆಯನಾಗಲಿ, ಕಚೇರಿಯ ಮೇಲಧಿಕಾರಿಯಾಗಲಿ ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಇಷ್ಟೇ: ತಣ್ಣನೆಯ ಹಾಸಿಗೆಯನ್ನು ತಾನಿಟ್ಟುಕೊಂಡು ಬೆಚ್ಚನೆಯದನ್ನು ಕೆಳಗಿನವನಿಗೆ ಕೊಡಬಲ್ಲವನ ಮಾತನ್ನು ಜನರು ಕಷ್ಟಕಾಲದಲ್ಲಿಯೂ ಮೀರರು.