ಆನೆ ಮೇಲೆ ಬೆಲ್ಚಿಗೆ ಹೋದ ನಮ್ಮ ಹಳೇ ಎಂಪಿ

ಮೂಡಿಗೆರೆ: ಇಂದಿರಾ ಗಾಂಧಿ ಅಂದ್ರೆ ನಮ್ಮ ಕಡೆ ಹಿರಿಯರಿಗೆ ತಕ್ಷಣ ನೆನಪಾಗೋದು 1978ರ ಉಪಚುನಾವಣೆ. ಕಾಂಗ್ರೆಸ್‌ನವರಿರಲಿ, ವಿರೋಧ ಮಾಡಿದವರಿರಲಿ, ಆ ಚುನಾವಣೆ ಬಗ್ಗೆ ಹೇಳೋಕೆ ಎಲ್ಲರ ಹತ್ರನೂ ಒಂದು ಕಥೆ ಇದೆ. ಈ ಬರಹ ಬರೀತಿರೋ ನಾನು ಹುಟ್ಟೋ ಹೊತ್ತಿಗೆ ಅವರು ತೀರಿಕೊಂಡು ಹದಿನೈದು ವರ್ಷದ ಮೇಲಾಗಿತ್ತು. ಹಾಗಾಗಿ ನಾನು ಹೇಳಬೇಕು ಅಂದುಕೊಂಡಿರೋದು ಚುನಾವಣೆ ಕಥೆ ಅಲ್ಲ. ಗುರುತು ಪರಿಚಯ ಇಲ್ಲದವರ ಸಾವಿಗೆ ಅವರು ಹೋಗಿ ಬಂದ ಕಥೆ, ಆಮೇಲೆ ಅವರದೇ ಸಾವಿನಲ್ಲಿ ಗುರುತು ಪರಿಚಯ ಇಲ್ಲದವರಿಗೆ ಆದ ಕಥೆ.

ಇಂದಿರಾ ಹುಟ್ಟಿದ್ದು 1917ರ ನವೆಂಬರ್ 19ರಂದು, ಅಲಹಾಬಾದಿನಲ್ಲಿ. ಅಪ್ಪ ಜವಾಹರಲಾಲ್ ನೆಹರೂ ಜೈಲಿಗೆ ಹೋಗೋದು, ಬರೋದು. ತಾಯಿ ಕಮಲಾ ಕಾಯಿಲೆಯಿಂದ 1936ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡಾಗ ಮಗಳಿಗೆ ಇನ್ನೂ 18 ವರ್ಷ. ಗಂಡ ಫಿರೋಜ್ 1960ರಲ್ಲಿ ಹೋದರು. 1966ರ ಜನವರಿಯಲ್ಲಿ ಪ್ರಧಾನಿಯಾದರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿ ಎದುರಾಳಿಗಳನ್ನ ಜೈಲಿಗೆ ಹಾಕಿಸಿದರು, ಪತ್ರಿಕೆಗಳ ಬಾಯಿ ಮುಚ್ಚಿಸಿದರು. 1977ರ ಮಾರ್ಚ್‌ನಲ್ಲಿ ಜನ ಅವರನ್ನ ರಾಯ್ ಬರೇಲಿಯಲ್ಲೇ ಸೋಲಿಸಿ ಮನೆಗೆ ಕಳಿಸಿದರು.

ಅದಾಗಿ ಎರಡು ತಿಂಗಳಿಗೆ, ಮೇ 27ರಂದು, ಬಿಹಾರದ ಬೆಲ್ಚಿ ಅನ್ನೋ ಹಳ್ಳಿಯಲ್ಲಿ 11 ಜನರನ್ನ ಕೊಂದು ಬೆಂಕಿಗೆ ಹಾಕಿದರು. ಅದರಲ್ಲಿ 8 ಮಂದಿ ದಲಿತರು. ಕೊಂದವರು ಅದೇ ಸುತ್ತಮುತ್ತಲಿನ ಜಮೀನಿನ ಬಲ ಇದ್ದವರು. ಸರ್ಕಾರದ ಕಡೆಯಿಂದ ಮೊದಲು ಬಂದ ಮಾತು ಏನಪ್ಪಾ ಅಂದ್ರೆ, ಇದು ಎರಡು ಗುಂಪುಗಳ ಗಲಾಟೆ ಅಂತ. ಸತ್ತವರು ಯಾರು ಅಂತ ನೋಡಿ ಸಾವಿಗೆ ಹೆಸರಿಡೋದು ಇವತ್ತು ಶುರುವಾಗಿದ್ದಲ್ಲ.

ಆಗಸ್ಟ್ 13ರಂದು ಇಂದಿರಾ ಬೆಲ್ಚಿಗೆ ಹೊರಟರು. ಆಗ ಅವರ ಹತ್ರ ಅಧಿಕಾರ ಇಲ್ಲ, ಎಂಪಿ ಕೂಡ ಅಲ್ಲ. ವಯಸ್ಸು 59. ಜೋರು ಮಳೆಗಾಲ. ನಮ್ಮ ಕಡೆ ಆಷಾಢ, ಶ್ರಾವಣದಲ್ಲಿ ಮಣ್ಣು ರಸ್ತೆ ಹೇಗಿರುತ್ತೆ ಅಂತ ಕಳಸ, ಸಂಸೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೂ ಅದೇ ಕಥೆ. ಜೀಪು ಕೆಸರಲ್ಲಿ ಹೂತುಕೊಂಡಿತು. ಟ್ರ್ಯಾಕ್ಟರ್ ತಂದರು, ಅದೂ ಮುಂದೆ ಹೋಗಲಿಲ್ಲ. ಕೊನೆಗೆ ಒಂದು ಆನೆ ತಂದರು. ಮೋತಿ ಅಂತ ಅದರ ಹೆಸರು. ಅಂಬಾರಿ ಏನೂ ಇಲ್ಲ, ಬರೀ ಬೆನ್ನು. ಅದರ ಮೇಲೆ ಕೂತು, ನೀರು ದಾಟಿ, ಕತ್ತಲಾದ ಮೇಲೆ ಊರು ಸೇರಿದರು. ಗಂಡ, ಮಕ್ಕಳನ್ನ ಕಳಕೊಂಡ ಹೆಂಗಸರ ಹತ್ರ ಕೂತು ಅವರು ಹೇಳಿದ್ದನ್ನ ಕೇಳಿದರು.

ಇದರಲ್ಲಿ ರಾಜಕೀಯ ಇರಲಿಲ್ವಾ? ಇತ್ತು. ಸೋತು ಮೂಲೆ ಸೇರಿದ್ದವರಿಗೆ ಮತ್ತೆ ಎದ್ದು ನಿಲ್ಲೋಕೆ ದಾರಿ ಸಿಕ್ಕಿದ್ದೇ ಅಲ್ಲಿಂದ ಅಂತ ಅವರ ಜೀವನ ಬರೆದವರು ಹೇಳ್ತಾರೆ. ಆನೆ ಮೇಲಿನ ಆ ಪ್ರಯಾಣ ದೇಶವೆಲ್ಲಾ ಸುದ್ದಿಯಾಯ್ತು. ಆದರೆ ಮನೆ ಬಾಗಿಲಿಗೆ ಬಂದವರ ಮನಸ್ಸಿನ ಒಳಗೆ ಏನಿದೆ ಅಂತ ಹುಡುಕೋ ಸ್ಥಿತೀಲಿ ಸಾವಿನ ಮನೆಯವರು ಇರಲ್ಲ. ಯಾರು ಬಂದರು, ಯಾರು ಬರಲಿಲ್ಲ, ಅಷ್ಟೇ ನೆನಪಿರುತ್ತೆ. ನಮ್ಮೂರಲ್ಲಿ ಒಂದು ಸಾವಾದ್ರೂ ಲೆಕ್ಕ ಹಾಗೇ ಅಲ್ವಾ?

ಮುಂದಿನ ವರ್ಷ ಅವರು ನಮ್ಮಲ್ಲಿಗೆ ಬಂದರು. ನಮ್ಮ ತಾಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಎಂಪಿ ಸ್ಥಾನ ಬಿಟ್ಟುಕೊಟ್ಟರು. ದೇವರಾಜ ಅರಸು ಮುಖ್ಯಮಂತ್ರಿ. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. 1978ರ ನವೆಂಬರ್ 5ರಂದು ಮತದಾನ, ತೋಟಗಳಲ್ಲಿ ಅರೇಬಿಕಾ ಹಣ್ಣಾಗೋ ಹೊತ್ತು. 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆದರೆ ನಮ್ಮ ಎಂಪಿ ಆಗಿ ಇದ್ದದ್ದು ಒಂದೂವರೆ ತಿಂಗಳೊಳಗೆ ಮುಗೀತು. ಡಿಸೆಂಬರ್ 19ರಂದು ಹಕ್ಕುಚ್ಯುತಿ ಆರೋಪದ ಮೇಲೆ ಲೋಕಸಭೆಯಿಂದ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿದರು. ಒಂದು ವಾರಕ್ಕೆ ಹೊರಬಂದರು. 1980ರ ಜನವರಿಯಲ್ಲಿ ಮತ್ತೆ ಪ್ರಧಾನಿ.

ಅಧಿಕಾರಕ್ಕೆ ಬಂದ ಮೇಲೆ ಸಾವಿನ ಮನೆಗೆ ಹೋಗೋದು ಬೇರೆ ತರಹ ಆಗುತ್ತೆ. 1983ರ ಫೆಬ್ರವರಿ 18ರಂದು ಅಸ್ಸಾಮಿನ ನೆಲ್ಲಿಯಲ್ಲಿ ಸಾವಿರಕ್ಕೂ ಹೆಚ್ಚು ಬಂಗಾಳಿ ಮುಸ್ಲಿಮರನ್ನ ಕೊಂದರು. ಬೇಡ ಅಂದರೂ ಅಲ್ಲಿ ಚುನಾವಣೆ ನಡೆಸಿದ್ದು ಇದೇ ಇಂದಿರಾ ಸರ್ಕಾರ. ಅವರು ಅಲ್ಲಿಗೂ ಹೋದರು. ಆದರೆ ಬೆಲ್ಚಿಯಲ್ಲಿ ಅವರನ್ನ ಯಾರೂ ಕೇಳದ ಪ್ರಶ್ನೆ ಇಲ್ಲಿ ಅವರ ಮೇಲೇ ಬಂತು.

1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ಹೋಯ್ತು. ಸಿಖ್ ಕಾವಲುಗಾರರನ್ನ ತೆಗೀರಿ ಅಂತ ಸಲಹೆ ಬಂದರೂ ಇಂದಿರಾ ಒಪ್ಪಲಿಲ್ಲ. ಅಕ್ಟೋಬರ್ 31ರ ಬೆಳಿಗ್ಗೆ ಅವರ ಕಾವಲಿನ ಇಬ್ಬರೇ ಮನೆ ಅಂಗಳದಲ್ಲಿ ಗುಂಡು ಹೊಡೆದರು.

ಆಮೇಲೆ ನಡೆದದ್ದು ಈ ಕಥೆಯ ಕಷ್ಟದ ಭಾಗ. ದೆಹಲಿಯ ತೀನ್ ಮೂರ್ತಿ ಭವನದಲ್ಲಿ ಅವರ ಶವ ಇಟ್ಟಿದ್ದರು. ಜನ ಸಾಲುಗಟ್ಟಿ ಅಳ್ತಾ ಬಂದರು. ಅದೇ ದೆಹಲಿಯ ತ್ರಿಲೋಕಪುರಿಯಂಥ ಕಡೆ ಗುಂಪುಗಳು ಸಿಖ್ಖರ ಮನೆ ಹುಡುಕಿ ಹುಡುಕಿ ಕೊಂದವು. ಅಂಗಡಿ, ಟ್ಯಾಕ್ಸಿ, ಲಾರಿ ಸುಟ್ಟವು. ಸರ್ಕಾರದ ಲೆಕ್ಕದಲ್ಲೇ ದೆಹಲಿಯೊಂದರಲ್ಲಿ ಸತ್ತವರು 2,733. ಇಂದಿರಾ ಸಾವಿಗೂ ಈ ಜನಕ್ಕೂ ಏನೂ ಸಂಬಂಧ ಇರಲಿಲ್ಲ. ದಿನಾ ಶಟರ್ ಎತ್ತಿ ವ್ಯಾಪಾರ ಮಾಡ್ತಿದ್ದವರು, ಬಡಗಿಗಳು, ಡ್ರೈವರ್‌ಗಳು. ಅವರ ಹೆಂಡತಿಯರಿಗೆ ತಿಲಕ್ ವಿಹಾರದಲ್ಲಿ ಮನೆ ಕೊಟ್ಟರು, ಆ ಜಾಗಕ್ಕೆ ವಿಧವೆಯರ ಕಾಲೊನಿ ಅಂತಲೇ ಹೆಸರು ಬಿತ್ತು. ಸಂಸತ್ತಿನಲ್ಲಿ ಪ್ರಧಾನಿಯೊಬ್ಬರು ಕ್ಷಮೆ ಕೇಳಿದ್ದು 2005ರಲ್ಲಿ, ಮನಮೋಹನ್ ಸಿಂಗ್. ಅಷ್ಟೊತ್ತಿಗೆ ಹತ್ತಿರ ಹತ್ತಿರ 21 ವರ್ಷ ಕಳೆದಿತ್ತು.

ನವೆಂಬರ್ 3ರಂದು ಇಂದಿರಾ ಅಂತ್ಯಕ್ರಿಯೆ ನಡೀತು. ಅವರಿಗಾಗಿ ದುಃಖ ಪಟ್ಟ ಕೋಟಿಗಟ್ಟಲೆ ಜನ ಯಾರ ಮೇಲೂ ಕೈ ಎತ್ತಲಿಲ್ಲ, ಅದು ನಿಜ. ಆದರೆ ತ್ರಿಲೋಕಪುರಿಯ ಸಾವಿಗೂ ಅದೇ ಕಣ್ಣೀರು ಹಾಕಿದವರು ಎಷ್ಟು ಜನ? ನಮ್ಮ ಎಂಪಿ ಆಗಿದ್ದವರು ಅಂತ ಅವರ ಫೋಟೋ ಇಟ್ಟ ನಮ್ಮ ಊರುಗಳಲ್ಲಿ ಆ 2,733 ಜನರ ಹೆಸರಲ್ಲಿ ಒಂದು ದೀಪ ಹಚ್ಚಿದ್ದನ್ನ ನಾನಂತೂ ನೋಡಿಲ್ಲ.

ಈಗ ಎಲ್ಲೋ ಜನರನ್ನ ಕೊಂದ ಸುದ್ದಿ ಮೊಬೈಲಿಗೆ ಬಂದರೆ ನಾವು ಮೊದಲು ನೋಡೋದು ಸತ್ತವರ ಹೆಸರು. ಯಾವ ಜಾತಿ, ಯಾವ ಧರ್ಮ ಅಂತ ಗೊತ್ತಾದ ಮೇಲೆ ಸ್ಟೇಟಸ್ ಹಾಕೋದಾ ಬೇಡ್ವಾ ಅಂತ ತೀರ್ಮಾನ. ನಾನೂ ಹಾಗೆ ಮಾಡಿದ್ದೀನಿ. ಈ ಸಲ ಅಕ್ಟೋಬರ್ 31ಕ್ಕೆ ಯಾರಾದ್ರೂ ಇಂದಿರಮ್ಮನ ಫೋಟೋಗೆ ಹಾರ ಹಾಕಿದ್ರೆ, ಪಕ್ಕದಲ್ಲಿ ಒಂದು ದೀಪ ಬೆಲ್ಚಿಯ 11 ಜನಕ್ಕೆ, ಇನ್ನೊಂದು ದೆಹಲಿಯ ಸಿಖ್ಖರಿಗೆ ಹಚ್ಚಿ. ಅವರ್ಯಾರೂ ನಮಗೆ ನೆಂಟರಲ್ಲ. ಬೆಲ್ಚಿಯವರು ಇಂದಿರಾಗೂ ನೆಂಟರಾಗಿರಲಿಲ್ಲ.