ಅವೆಸ್ತಾದ ಯಾತ್ರಿಕ

ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾವನ್ನೂ ನಮ್ಮ ಉಪನಿಷತ್ತುಗಳನ್ನೂ ಯೂರೋಪಿನ ಓದುಗರ ಕೈಗೆ ಮೊದಲು ಮುಟ್ಟಿಸಿದವನು ಒಬ್ಬನೇ ಮನುಷ್ಯನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ವಿಲಿಯಂ ಜೋನ್ಸನ ಹೆಸರನ್ನು ನಮ್ಮಲ್ಲಿ ಓದಿದವರೆಲ್ಲ ಬಲ್ಲರು. ಮ್ಯಾಕ್ಸ್ ಮುಲ್ಲರನ ಹೆಸರು ಹಳೆಯ ತಲೆಮಾರಿನ ಪಂಡಿತರ ಬಾಯಲ್ಲೂ ಇತ್ತು. ಅವರಿಬ್ಬರಿಗೂ ಮುಂಚೆ ಈ ದಾರಿಯನ್ನು ಕಾಲ್ನಡಿಗೆಯಲ್ಲಿ ತುಳಿದ ಆಂಕೆತಿಲ್ ದ್ಯುಪೆರೊನ್ ಎಂಬ ಫ್ರೆಂಚನ ಹೆಸರನ್ನು ನಾನು ಮೊದಲು ಕಂಡದ್ದು ಜೋನ್ಸನ ಚರಿತ್ರೆಯಲ್ಲಿ. ಅದೂ ಪರಿಹಾಸಕ್ಕೆ ಗುರಿಯಾದವನೆಂದು. ಆ ಪರಿಹಾಸವನ್ನು ನಾನೂ ಬಹುಕಾಲ ನಂಬಿದ್ದೆ. ಆದಕಾರಣ ಈ ಬರಹ ಒಂದು ಬಗೆಯ ಪ್ರಾಯಶ್ಚಿತ್ತವೂ ಹೌದು.

ಆಂಕೆತಿಲ್ ಹುಟ್ಟಿದ್ದು 1731ನೆಯ ಡಿಸೆಂಬರ್ 7ರಂದು, ಪ್ಯಾರಿಸಿನ ಒಬ್ಬ ಸಾಂಬಾರ ಪದಾರ್ಥಗಳ ವರ್ತಕನ ಮನೆಯಲ್ಲಿ. ಅವನನ್ನು ಪಾದ್ರಿಯನ್ನಾಗಿ ಮಾಡಬೇಕೆಂಬ ಸಂಕಲ್ಪವಿತ್ತು. ಬೈಬಲ್ಲನ್ನು ಮೂಲದಲ್ಲಿ ಓದಬೇಕೆಂದು ಹೀಬ್ರೂ ಕಲಿತ. ಹೀಬ್ರೂವಿನಿಂದ ಅರಬ್ಬಿಗೆ, ಅರಬ್ಬಿಯಿಂದ ಪಾರಸಿಗೆ ಅವನ ಕುತೂಹಲ ಹರಿಯಿತು. ತನ್ನ ಶಾಸ್ತ್ರವನ್ನು ಆಳವಾಗಿ ಅರಿಯಬೇಕೆಂದು ಹೊರಟವನು ಅದರ ನೆರೆಹೊರೆಯವರ ಶಾಸ್ತ್ರಗಳ ಬಾಗಿಲಿಗೆ ಬಂದು ನಿಂತ. ಪಾದ್ರಿಯಾಗುವ ಮಾತು ಹಿಂದೆ ಬಿತ್ತು.

1754ರಲ್ಲಿ ಪ್ಯಾರಿಸಿನ ಒಬ್ಬ ವಿದ್ವಾಂಸನ ಬಳಿ ಅವನು ನಾಲ್ಕು ಹಾಳೆಗಳನ್ನು ಕಂಡ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಅವೆಸ್ತಾದ ಒಂದು ಭಾಗವಾದ ವೆಂದೀದಾದಿನ ಹಸ್ತಪ್ರತಿಯೊಂದು ಇತ್ತು. ಸೂರತ್ತಿನಿಂದ ಅಲ್ಲಿಗೆ ಹೋದ ಆ ಪ್ರತಿಯನ್ನು ಸರಪಳಿ ಬಿಗಿದು ಕಾಪಾಡಿದ್ದರು. ಓದಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ. ಅದರಿಂದ ನಕಲು ಮಾಡಿದ ನಾಲ್ಕು ಹಾಳೆಗಳವು. ಒಂದು ಅಕ್ಷರವೂ ಅರ್ಥವಾಗದ ಆ ಹಾಳೆಗಳು ಇಪ್ಪತ್ತೆರಡರ ಆ ತರುಣನ ಬಾಳಿನ ದಿಕ್ಕನ್ನೇ ತಿರುಗಿಸಿದವು. ಈ ಬರಹವನ್ನು ಓದಬಲ್ಲವರು ಲೋಕದಲ್ಲಿ ಯಾರಾದರೂ ಇದ್ದರೆ ಅವರು ಸೂರತ್ತಿನ ಪಾರ್ಸಿ ಪುರೋಹಿತರೇ. ಅವರ ಕಾಲ ಬುಡದಲ್ಲಿ ಕುಳಿತು ಕಲಿಯಬೇಕು ಎಂದು ನಿಶ್ಚಯಿಸಿದ. ಹಡಗಿನ ಖರ್ಚಿಗೆ ಕೈಯಲ್ಲಿ ಕಾಸಿರಲಿಲ್ಲ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪೆನಿಯ ದಂಡಿಗೆ ಸಾಮಾನ್ಯ ಸಿಪಾಯಿಯಾಗಿ ಹೆಸರು ಬರೆಸಿ, ಒಂದು ಹೀಬ್ರೂ ಬೈಬಲ್, ಮೊಂತೇನನ ಪ್ರಬಂಧಗಳು, ಒಂದಿಷ್ಟು ಬಟ್ಟೆ ಗಂಟು ಕಟ್ಟಿಕೊಂಡು ಆ ನವೆಂಬರಿನಲ್ಲಿ ರೇವಿಗೆ ನಡೆದುಹೊರಟ. ಅವನ ಹಂಬಲವನ್ನು ಅರಿತ ಹಿರಿಯರು ಅಷ್ಟರಲ್ಲಿ ಅರಸನಿಂದ ಸಣ್ಣದೊಂದು ವೇತನವನ್ನೂ ಹಡಗಿನಲ್ಲಿ ಸ್ಥಳವನ್ನೂ ಕೊಡಿಸಿದ್ದರು. ಕೋವಿ ಹೊರುವ ಕಷ್ಟ ತಪ್ಪಿತು.

1755ರ ಆಗಸ್ಟಿನಲ್ಲಿ ಪಾಂಡಿಚೇರಿಗೆ ಇಳಿದವನು ಸೂರತ್ತನ್ನು ಸೇರಿದ್ದು 1758ರಲ್ಲಿ. ನಡುವಣ ಕಾಲ ಅಲೆದಾಟದ್ದು. ಬಂಗಾಳದ ಚಂದ್ರನಗರಕ್ಕೆ ಹೋದ; ಜ್ವರದಲ್ಲಿ ಮಲಗಿದ. ಆಂಗ್ಲರಿಗೂ ಫ್ರೆಂಚರಿಗೂ ಯುದ್ಧ ಹತ್ತಿ, 1757ರಲ್ಲಿ ಚಂದ್ರನಗರ ಆಂಗ್ಲರ ವಶವಾಯಿತು. ಆಂಕೆತಿಲ್ ಪೂರ್ವದ ಕರಾವಳಿಯನ್ನು ಹಿಡಿದು ಮತ್ತೆ ಪಾಂಡಿಚೇರಿಗೆ ಬಂದ. ಅಲ್ಲಿಂದ ಪಶ್ಚಿಮ ತೀರದ ಮಾಹೆ, ಗೋವೆಗಳನ್ನು ಕಂಡು, ಎಲ್ಲೋರದ ಗುಹೆಗಳನ್ನು ನೋಡಿ, ಸೂರತ್ತಿನ ಕಡೆ ನಡೆದ.

ಸೂರತ್ತಿನಲ್ಲಿ ಅವನಿಗೆ ಗುರುವಾಗಿ ದೊರೆತವನು ದಸ್ತೂರ್ ದಾರಾಬ್. ಅನ್ಯಧರ್ಮೀಯನಿಗೆ, ಅದೂ ಹಣ ಕೊಟ್ಟು ಕಲಿಯಲು ಬಂದವನಿಗೆ, ಪವಿತ್ರ ಗ್ರಂಥವನ್ನು ಬಿಚ್ಚಿ ತೋರುವುದು ಯಾವ ಪುರೋಹಿತನಿಗೂ ಸುಲಭವಾದ ಕೆಲಸವಲ್ಲ. ದಾರಾಬನೂ ಹಿಂಜರಿದ. ಮೊದಲು ಕೈಗೆ ಬಂದ ಪ್ರತಿ ಪೂರ್ಣವಾದದ್ದಲ್ಲವೆಂಬುದು ಆಂಕೆತಿಲನಿಗೆ ಗೊತ್ತಾದದ್ದು ಒಂದು ಜಗಳದ ದೆಸೆಯಿಂದ. ಸೂರತ್ತಿನ ಪಾರ್ಸಿಗಳು ಆಗ ಎರಡು ಪಕ್ಷಗಳಾಗಿದ್ದರು. ಎದುರು ಪಕ್ಷದವರಿಂದ ಎರವಲು ತಂದ ಇನ್ನೊಂದು ಪ್ರತಿಯೊಡನೆ ತನ್ನದನ್ನು ಹೋಲಿಸಿ ಅವನು ವ್ಯತ್ಯಾಸವನ್ನು ಹಿಡಿದ. ಬಳಿಕ ದಾರಾಬ್ ಮನಸ್ಸಿಟ್ಟು ಪಾಠ ಹೇಳಿದ. ಗುರು ಪಾರಸಿಯಲ್ಲಿ ಅರ್ಥ ಹೇಳುವನು, ಶಿಷ್ಯ ಬರೆದುಕೊಳ್ಳುವನು. ಅವೆಸ್ತಾದ ಭಾಷೆ ಬಳಕೆ ತಪ್ಪಿ ಎಷ್ಟೋ ಶತಮಾನಗಳಾಗಿದ್ದವು. ಪುರೋಹಿತರ ಅರ್ಥ ನಿಂತದ್ದು ಪಹ್ಲವಿ ಭಾಷಾಂತರದ ಮೇಲೆ. ಆ ಪಹ್ಲವಿಯೂ ಅವರಿಗೆ ಮಸುಕಾಗಿತ್ತು. ಮಸುಕಿನ ಮೇಲೆ ಮಸುಕು. ಅದರೊಳಗೇ ವೆಂದೀದಾದಿನ ಅನುವಾದ 1759ರಲ್ಲಿ ಮುಗಿಯಿತು.

ಇವನನ್ನು ಋಷಿಯೆಂದು ಚಿತ್ರಿಸಲು ನನಗೆ ಮನಸ್ಸಿಲ್ಲ. ಅವನು ಮುಂಗೋಪಿ, ಅಭಿಮಾನಿ. ಸೂರತ್ತಿನಲ್ಲೇ ತನ್ನ ದೇಶದವನೊಬ್ಬನೊಡನೆ ಕತ್ತಿ ಹಿರಿದು ಹೋರಾಡಿ ಅವನನ್ನು ಕೊಂದ; ತಾನೂ ಗಾಯಗೊಂಡು, ಶತ್ರುಗಳಾದ ಆಂಗ್ಲರ ಆಶ್ರಯವನ್ನೇ ಬೇಡಬೇಕಾಯಿತು. 1761ರಲ್ಲಿ ಊರಿಗೆ ಹೊರಟದ್ದೂ ಆಂಗ್ಲರ ಹಡಗಿನಲ್ಲಿಯೇ. ಇಂಗ್ಲೆಂಡಿಗೆ ಇಳಿದು, ಆಕ್ಸ್‌ಫರ್ಡಿಗೆ ಹೋಗಿ, ಸರಪಳಿ ಬಿಗಿದ ಆ ಹಸ್ತಪ್ರತಿಯೊಡನೆ ತನ್ನ ಪ್ರತಿಗಳನ್ನು ಹೋಲಿಸಿ ನೋಡಿದ ಮೇಲೆಯೇ ಅವನು ಪ್ಯಾರಿಸಿಗೆ ಹಿಂದಿರುಗಿದ್ದು. 1762ರ ಮಾರ್ಚ್ 15ರಂದು 180 ಹಸ್ತಪ್ರತಿಗಳನ್ನು ಅರಸನ ಗ್ರಂಥಾಲಯಕ್ಕೆ ಒಪ್ಪಿಸಿದ. ಅವನ್ನು ಮಾರಿಕೊಂಡಿದ್ದರೆ ಜನ್ಮವೆಲ್ಲ ಸುಖವಾಗಿ ಉಣ್ಣಬಹುದಾಗಿತ್ತು.

1771ರಲ್ಲಿ ‘ಜೆಂದ್ ಅವೆಸ್ತಾ’ ಮೂರು ಸಂಪುಟಗಳಲ್ಲಿ ಹೊರಬಂತು. ಮುನ್ನುಡಿಯಲ್ಲಿ ಅವನು ತನ್ನ ಪ್ರವಾಸವನ್ನು ದೀರ್ಘವಾಗಿ ಬಣ್ಣಿಸಿ, ಆಕ್ಸ್‌ಫರ್ಡಿನ ವಿದ್ವಾಂಸರನ್ನು ಹಗುರವಾಗಿ ಕಂಡಿದ್ದ. ಆಗಿನ್ನೂ ಇಪ್ಪತ್ತೈದು ವರ್ಷದ ವಿಲಿಯಂ ಜೋನ್ಸ್ ಹೆಸರು ಹಾಕದೆ ಫ್ರೆಂಚಿನಲ್ಲಿಯೇ ಒಂದು ಪುಸ್ತಿಕೆಯನ್ನು ಬರೆದು ಅವನನ್ನು ಬೀದಿಗೆಳೆದ. ಜರಥುಷ್ಟ್ರನಂಥ ಜ್ಞಾನಿ ಇಂಥ ನೀರಸವಾದ ವಿಧಿನಿಷೇಧಗಳನ್ನು ಬರೆದಿರಲಾರ, ಇದು ಪುರೋಹಿತರ ಕಲ್ಪನೆ, ನಂಬಿ ಬಂದವನು ಮೋಸಹೋದ ಮೂಢ ಎಂಬುದು ಆ ಪುಸ್ತಿಕೆಯ ಸಾರ. ಆಂಗ್ಲ ವಿದ್ವಾಂಸರಲ್ಲಿ ಅನೇಕರು ತಲೆದೂಗಿದರು. ಆಂಕೆತಿಲ್ ಆ ಪುಸ್ತಿಕೆಗೆ ಎದುರು ಪುಸ್ತಿಕೆ ಬರೆಯುತ್ತ ಕೂರಲಿಲ್ಲ. ಮುಂದಿನ ಕೆಲಸ ಹಿಡಿದ.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಪ್ರಸಂಗವೇ. ಜೋನ್ಸನ ವಾದವನ್ನು ಒಪ್ಪುವಾಗ ನಾನು ಏನನ್ನು ಒಪ್ಪುತ್ತಿದ್ದೆ? ಒಂದು ಧರ್ಮಗ್ರಂಥ ನನ್ನ ಕಾಲದ ಅಭಿರುಚಿಗೆ ಹಿಡಿಸದಿದ್ದರೆ ಅದು ನಿಜವಾದದ್ದಲ್ಲ ಎಂಬುದನ್ನು. ಅದೇ ಅಳತೆಗೋಲನ್ನು ನಮ್ಮ ಬ್ರಾಹ್ಮಣಗಳಿಗೂ ಧರ್ಮಸೂತ್ರಗಳಿಗೂ ಹಿಡಿದರೆ ಉಳಿಯುವುದೆಷ್ಟು? ಶುದ್ಧಿ, ಅಶುದ್ಧಿ, ಬೆಂಕಿ, ನೀರು, ಹೆಣ ಇವುಗಳ ವಿಚಾರವಾಗಿ ವೆಂದೀದಾದ್ ಹೇಳುವ ಕಟ್ಟಳೆಗಳು ಒಂದು ಜನಾಂಗ ಬಾಳಿದ ಬಗೆಯ ದಾಖಲೆ. ಅದು ಸುಂದರವೋ ಅಲ್ಲವೋ ಎಂಬ ಪ್ರಶ್ನೆ ಆಮೇಲಿನದು.

ಕಾಲ ಇದನ್ನು ವಿಚಿತ್ರವಾದ ರೀತಿಯಲ್ಲಿ ತೀರ್ಮಾನಿಸಿತು. ಜೋನ್ಸ್ ಕಲ್ಕತ್ತೆಗೆ ಬಂದು ಸಂಸ್ಕೃತ ಕಲಿತ. 1789ರಲ್ಲಿ ಏಷ್ಯಾಟಿಕ್ ಸೊಸೈಟಿಯ ಮುಂದೆ ಪಾರಸಿಕರನ್ನು ಕುರಿತು ಮಾತನಾಡುವಾಗ, ಆಂಕೆತಿಲ್ ಅಚ್ಚುಹಾಕಿಸಿದ್ದ ಶಬ್ದಕೋಶದಲ್ಲಿ ಹತ್ತಕ್ಕೆ ಆರೇಳು ಮಾತುಗಳು ಅಚ್ಚ ಸಂಸ್ಕೃತವಾಗಿರುವುದನ್ನು ಕಂಡು ತನಗೆ ಆಶ್ಚರ್ಯವಾಯಿತೆಂದು ಹೇಳಿಕೊಂಡ. ಪರಿಹಾಸಕ್ಕೆ ಗುರಿಯಾದ ಪುಸ್ತಕವೇ ಅವನಿಗೆ ಸಾಕ್ಷಿಯನ್ನು ಒದಗಿಸಿತು. 1826ರಲ್ಲಿ ಡೆನ್ಮಾರ್ಕಿನ ರಾಸ್ಕ್ ಆ ಭಾಷೆಯ ಪ್ರಾಚೀನತೆಯನ್ನು ಸ್ಥಾಪಿಸಿದ. ಬಳಿಕ ಪ್ಯಾರಿಸಿನ ಬ್ಯೂರ್ನುಫ್, ಹಿಂದಿನ ಪಾರ್ಸಿ ಪಂಡಿತ ನೇರ್ಯೋಸಂಘನ ಸಂಸ್ಕೃತ ಅನುವಾದವನ್ನು ಹಿಡಿದು ಯಸ್ನವನ್ನು ಬಿಡಿಸಿದ. ಅದಕ್ಕೆ ಆಧಾರವಾದ ಪ್ರತಿ ಆಂಕೆತಿಲ್ ತಂದದ್ದೇ. ನಮ್ಮ ಯಜ್ಞ ಅಲ್ಲಿ ಯಸ್ನ, ಸೋಮ ಅಲ್ಲಿ ಹಓಮ, ಹೋತೃ ಅಲ್ಲಿ ಜಓತರ್; ಅಸುರ ಅಲ್ಲಿ ಪರಮದೈವವಾದ ಅಹುರ, ದೇವ ಅಲ್ಲಿ ದುಷ್ಟಶಕ್ತಿ. ಇದೇ ಬೆಳಕಿನಲ್ಲಿ ಆಂಕೆತಿಲನ ಅನುವಾದ ಹೆಜ್ಜೆಹೆಜ್ಜೆಗೂ ತಪ್ಪೆಂಬುದೂ ತಿಳಿಯಿತು. ಗ್ರಂಥ ನಿಜ, ಅರ್ಥ ತಪ್ಪು. ಎರಡನ್ನೂ ಒಪ್ಪಿಯೇ ಅವನನ್ನು ಗೌರವಿಸಬೇಕು. ಅವನ ತಪ್ಪನ್ನು ತಿದ್ದಲು ಬೇಕಾದ ಸಾಮಗ್ರಿಯನ್ನೂ ಅವನೇ ಹೊತ್ತು ತಂದಿದ್ದ.

1778ರಲ್ಲಿ ಅವನು ಇನ್ನೊಂದು ಪುಸ್ತಕವನ್ನು ಪ್ರಕಟಿಸಿದ. ತುರ್ಕಿ, ಪಾರಸೀಕ, ಹಿಂದೂಸ್ಥಾನಗಳಲ್ಲಿ ಕಾನೂನೂ ಇಲ್ಲ, ಪ್ರಜೆಗೆ ಸ್ವಂತ ಆಸ್ತಿಯೂ ಇಲ್ಲ, ಎಲ್ಲ ಅರಸನ ಇಚ್ಛೆ ಎಂಬ ಮೊಂತೆಸ್ಕ್ಯೂನ ಪಕ್ಷವನ್ನು ಅದರಲ್ಲಿ ಖಂಡಿಸಿದ. ಈ ಸೀಮೆಗಳಲ್ಲಿ ಕಾಲೂರಿ ನಡೆದವನ ಮಾತು ಅದು.

ಇಷ್ಟರಲ್ಲಿ, 1775ರಲ್ಲಿ, ಹಿಂದೂಸ್ಥಾನದಿಂದ ಅವನಿಗೆ ಇನ್ನೊಂದು ಹಸ್ತಪ್ರತಿ ತಲುಪಿತ್ತು. ಷಹಜಹಾನನ ಮಗ ದಾರಾ ಷುಕೋ 1657ರಲ್ಲಿ ಪಂಡಿತರ ನೆರವಿನಿಂದ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ಇಳಿಸಿದ್ದ. ಎರಡು ವರ್ಷ ಕಳೆದ ಮೇಲೆ ತಮ್ಮನ ಆಜ್ಞೆಯಿಂದ ತಲೆ ಕಳೆದುಕೊಂಡ. ಆ ಪಾರಸಿಯನ್ನು ಆಂಕೆತಿಲ್ ಲ್ಯಾಟಿನ್ನಿಗೆ ತಂದ. ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆದು, ಅರಸನ ತಲೆ ಉರುಳಿ, ಹಳೆಯ ವಿದ್ವತ್ಸಭೆಗಳು ಮುಚ್ಚಿಹೋದ ಕಾಲ. ಅವನು ಸಂಗವನ್ನು ತೊರೆದು, ಬಡತನವನ್ನು ಬೇಕೆಂದೇ ವರಿಸಿ, ಅನುವಾದದಲ್ಲಿ ಮುಳುಗಿದ್ದ. ‘ಔಪ್ನೆಖತ್’ ಎಂಬ ಆ ಗ್ರಂಥ 1801–1802ರಲ್ಲಿ ಸ್ಟ್ರಾಸ್‌ಬೂರ್ಗಿನಲ್ಲಿ ಅಚ್ಚಾಯಿತು. ಸಂಸ್ಕೃತದಿಂದ ಪಾರಸಿಗೆ, ಪಾರಸಿಯಿಂದ ಲ್ಯಾಟಿನ್ನಿಗೆ ಎರಡು ಸಾಣೆ ಹಿಡಿದ ಮಾತು ಎಷ್ಟು ಸವೆದಿರಬೇಡ! ಆದರೂ 1814ರಲ್ಲಿ ಅದನ್ನು ಕೈಗೆತ್ತಿಕೊಂಡ ಜರ್ಮನ್ ತರುಣ ಷೋಪೆನ್‌ಹೌವರ್ ಕೊನೆಯವರೆಗೂ ಅದನ್ನು ಕೆಳಗಿಡಲಿಲ್ಲ.

ಅದನ್ನು ನೋಡಲು ಆಂಕೆತಿಲ್ ಬದುಕಿರಲಿಲ್ಲ. ಮದುವೆಯಾಗಲಿಲ್ಲ, ಸಂಸಾರ ಹೂಡಲಿಲ್ಲ. ನೆಪೋಲಿಯನ್ ಚಕ್ರವರ್ತಿಯಾದಾಗ ವಿದ್ವತ್ಸಂಸ್ಥೆಯ ಸದಸ್ಯರೆಲ್ಲ ನಿಷ್ಠೆಯ ಪ್ರಮಾಣ ಮಾಡಬೇಕಾಗಿ ಬಂತು; ಇವನು ಮಾಡಲೊಪ್ಪದೆ ಸ್ಥಾನವನ್ನು ಬಿಟ್ಟ. 1805ನೆಯ ಜನವರಿ 17ರಂದು ಪ್ಯಾರಿಸಿನಲ್ಲಿ ತೀರಿಕೊಂಡ.

ಶಾಸ್ತ್ರಗ್ರಂಥವನ್ನು ಓದಲು ಯೋಗ್ಯತೆ ಯಾವುದು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಹಿಂದೆ ವ್ಯಾಕರಣ, ನಿಘಂಟು, ಗುರು ಎಂದು ಹೇಳುತ್ತಿದ್ದೆ. ಈಗ ಮೊದಲು ಆ ನಾಲ್ಕು ಹಾಳೆಗಳ ಕಥೆಯನ್ನು ಹೇಳುತ್ತೇನೆ. ಅರ್ಥವಾಗದ ಹಾಳೆಯನ್ನು ಕಂಡು ಒಬ್ಬ ನಕ್ಕ, ಇನ್ನೊಬ್ಬ ಗಂಟು ಕಟ್ಟಿದ. ನಕ್ಕವನು ಪ್ರತಿಭಾವಂತ, ಮುಂದೆ ಮಹಾ ವಿದ್ವಾಂಸನೂ ಆದ. ಆದರೆ ಬಾಗಿಲು ತೆರೆದದ್ದು ಗಂಟು ಕಟ್ಟಿದವನಿಗೆ.