ಶಾಂತಲೆ ಬರೀ ಕನ್ನಡಿ ಹಿಡಿದು ನಿಂತವಳಲ್ಲ

ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸು ಹತ್ತಿದರೆ ದಾರೀಲಿ ಶಾಂತಿಗ್ರಾಮ ಸಿಗುತ್ತೆ. ಇಳಿಯೋರು ಇಳೀತಾರೆ, ಹತ್ತೋರು ಹತ್ತುತ್ತಾರೆ. ಆ ಹೆಸರು ಬಂದದ್ದು ಹೊಯ್ಸಳರ ಪಟ್ಟಮಹಿಷಿ ಶಾಂತಲಾದೇವಿಯಿಂದ ಎಂಬ ಪ್ರತೀತಿ ಎಷ್ಟು ಮಂದಿಗೆ ನೆನಪಿದೆಯೋ!

ಬೇಲೂರಿಗೆ ಹೋಗಿಬಂದವರಿಗೆ ಶಾಂತಲೆ ಎಂದರೆ ಕನ್ನಡಿ ಹಿಡಿದ ದರ್ಪಣಸುಂದರಿ, ಕುಣಿಯುವ ಚೆಲುವೆ. ಅಲ್ಲಿಗೆ ಕಥೆ ಮುಗೀತು. ಆಕೆ ಮಾಡಿದ ಕೆಲಸ ಏನು ಅಂತ ಕೇಳೋರಿಲ್ಲ.

ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಗಂಡ ವಿಷ್ಣುವರ್ಧನ ಚೆನ್ನಕೇಶವನ ಗುಡಿ ಕಟ್ಟಿಸಿದ ದೊರೆ. ಇಷ್ಟು ಮತಗಳ ನಡುವೆ ಆಕೆ ತನ್ನ ಜೈನ ಧರ್ಮವನ್ನೂ ಬಿಡಲಿಲ್ಲ, ಮಿಕ್ಕವರ ದೇವರನ್ನೂ ದೂರ ಮಾಡಲಿಲ್ಲ.

1117ರಲ್ಲಿ ದೊರೆ ಬೇಲೂರಲ್ಲಿ ಕೇಶವನ ಪ್ರತಿಷ್ಠೆ ಮಾಡಿಸಿದ. ಅದೇ ಪ್ರಾಕಾರದ ಕಪ್ಪೆ ಚೆನ್ನಿಗರಾಯನ ಗುಡಿ ರಾಣಿಯದು. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿ ಶಾಂತಿನಾಥನನ್ನು ನಿಲ್ಲಿಸಿದಳು. ಕಟ್ಟಿಸಿ ಕೈತೊಳೆದುಕೊಳ್ಳಲೂ ಇಲ್ಲ. ಪೂಜೆ ನಿಲ್ಲಬಾರದು, ಮುನಿಗಳ ಊಟ ತಪ್ಪಬಾರದು ಅಂತ ಒಂದು ಊರನ್ನೇ ದತ್ತಿ ಬಿಟ್ಟು ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಅಂಗಡಿ ತೆರೆಯೋದು ಸುಲಭ, ದಿನಾ ನಡೆಸೋದು ಕಷ್ಟ ಅನ್ನೋದು ವ್ಯಾಪಾರಸ್ಥರಿಗೆ ಗೊತ್ತು. ರಾಣಿಗೂ ಗೊತ್ತಿತ್ತು.

ಶಾಸನಗಳು ಆಕೆಯ ಹಾಡು, ಕುಣಿತವನ್ನು ಮಾತ್ರ ಹೊಗಳಿಲ್ಲ. ವಿವೇಕದಲ್ಲಿ ಬೃಹಸ್ಪತಿಗೆ ಸಮ ಮಾಡಿವೆ. ನಾವು ಕುಣಿತ ಉಳಿಸಿಕೊಂಡೆವು, ವಿವೇಕ ಮರೆತೆವು.

1131ರಲ್ಲಿ ಶಿವಗಂಗೆಯಲ್ಲಿ ರಾಣಿ ತೀರಿಕೊಂಡಳು. ಮಗಳ ಅಗಲಿಕೆ ತಾಳದ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಅನ್ನ ನೀರು ಬಿಟ್ಟು, ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟಳು. ಇಂಥ ತಾಯಿ ಮಗಳ ಹೆಸರು ಉಳಿದದ್ದು ಕಲ್ಲಿನ ಪುಣ್ಯದಿಂದ.

2023ರಲ್ಲಿ ಬೇಲೂರು, ಹಳೇಬೀಡು ವಿಶ್ವಪರಂಪರೆ ಪಟ್ಟಿಗೆ ಸೇರಿದವು. ಸಂತೋಷವೇ. ಆದರೆ ಊರು ದತ್ತಿ ಬಿಟ್ಟ ಪಟ್ಟದ ರಾಣಿಯೇ ಜನರ ಕಣ್ಣಲ್ಲಿ ಬರೀ ಗೊಂಬೆಯಾದಳು. ಹಾಗಿರುವಾಗ ಹೊಳೆನರಸೀಪುರದ ಕೆಸರುಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಹಾಕುವವರ, ಅರಕಲಗೂಡಿನಲ್ಲಿ ಹೊಗೆಸೊಪ್ಪು ಕಟ್ಟುವವರ ಪಾಡೇನು? ಕೋಳಿ ಕೂಗುವ ಮುಂಚೆ ಎದ್ದು ಹಾಲು ಕರೆದು, ಒಲೆ ಹಚ್ಚಿ, ಗಂಡಸರಿಗೆ ಬುತ್ತಿ ಕಟ್ಟಿ ಬಸ್ಸಿಗೆ ಕಳಿಸುವ ಮನೆಯಾಕೆಯ ದುಡಿಮೆ ಯಾವ ಖಾತೆಯಲ್ಲಿದೆ?

ಅವರಿಗೆ ಶಾಸನ ಹಾಕಿಸೋರಿಲ್ಲ. ಮನೆಯ ಲೆಕ್ಕದಲ್ಲಾದರೂ ಅವರ ಹೆಸರು ಬರಲಿ.